ಮಾನವಿಕ ಪಾಠಕ್ರಮಗಳ ಇತಿಹಾಸ ಮತ್ತು ವಚನಗಳ ಪರದೇಶ ಪ್ರವೇಶ

1973ರಲ್ಲಿ ಪೆಂಗ್ವಿನ್ ಪ್ರಕಾಶನದವರು ‘ಸ್ಪೀಕಿಂಗ್ ಆಫ್ ಶಿವ’ ಎಂಬ ಚಿಕ್ಕ ಗ್ರಂಥವೊಂದನ್ನು ಪ್ರಕಟಿಸಿದರು. ಬಸವಣ್ಣನವರು, ದೇವರ ದಾಸಿಮಯ್ಯನವರು, ಅಕ್ಕಮಹಾದೇವಿ, ಅಲ್ಲಮಪ್ರಭುಗಳು ಈ ನಾಲ್ವರ ಆಯ್ದ ವಚನಗಳನ್ನು ಎ. ಕೆ. ರಾಮಾನುಜನ್ ಅವರು ಇಂಗ್ಲಿಷಿಗೆ ಪರಿವರ್ತಿಸಿದ ಆ ಗ್ರಂಥದ ಗುಣದೋಷಗಳನ್ನು ಕುರಿತು ನಮ್ಮ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಅದನ್ನು ಓದಿದ ವಿದೇಶೀ ವಿದ್ಯಾರ್ಥಿಗಳು ಯಾವ ತರಗತಿಯಲ್ಲಿ ಕುಳಿತು ಓದಿದರೆಂಬುದರ ಕಡೆಗೆ ಮಾತ್ರ ನಮ್ಮ ಲಕ್ಷ್ಯ ಹೆಚ್ಚಾಗಿ ಹರಿದಿಲ್ಲ. ಅವರಲ್ಲಿ ಬಹುಮಂದಿ ಕನ್ನಡ ಕಲಿತವರಲ್ಲ; ಧರ್ಮಶಾಸ್ತ್ರದ ವಿದ್ಯಾರ್ಥಿಗಳೂ ಅಲ್ಲ. ಮುಂದೆ ವೈದ್ಯರೋ ವಕೀಲರೋ ವ್ಯಾಪಾರಿಗಳೋ ಆಗಲಿರುವ ಹದಿನೆಂಟು–ಇಪ್ಪತ್ತರ ವಯಸ್ಸಿನ ತರುಣ ತರುಣಿಯರು, ಸಾಹಿತ್ಯ, ಇತಿಹಾಸ, ತತ್ತ್ವ, ಕಲೆ ಇವುಗಳನ್ನು ಒಂದೇ ಮೇಜಿನ ಸುತ್ತ ಕುಳಿತು ಓದುವ ಅಂತರಶಿಸ್ತೀಯ ಪಾಠಕ್ರಮವೊಂದರ ಅಂಗವಾಗಿ ಅಕ್ಕನ ವಚನಗಳನ್ನು ಓದಿದರು. ಇಂಥ ಪಾಠಕ್ರಮ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಅದರೊಳಗೆ ಶರಣರ ಮಾತು ಹೇಗೆ ಪ್ರವೇಶಿಸಿತು ಎಂಬುದನ್ನು ತಿಳಿಯಲು ಅಮೆರಿಕದ ಎರಡು ವಿದ್ಯಾಪೀಠಗಳ ಚರಿತ್ರೆಯನ್ನು ನೋಡಬೇಕಾಗುತ್ತದೆ. ಒಂದು ನ್ಯೂಯಾರ್ಕಿನ ಕೊಲಂಬಿಯಾ, ಇನ್ನೊಂದು ಷಿಕಾಗೋ.

ಆಶ್ಚರ್ಯದ ಸಂಗತಿಯೆಂದರೆ ಈ ಚರಿತ್ರೆ ಆರಂಭವಾಗುವುದು ಯುದ್ಧದಿಂದ. 1917ರಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿತು. ಮರುವರ್ಷ ಕಾಲೇಜುಗಳಲ್ಲಿ ಸೈನಿಕ ಶಿಕ್ಷಣ ಪಡೆಯುತ್ತಿದ್ದ ವಿದ್ಯಾರ್ಥಿಗಳಿಗೆ ತಾವು ಯಾತಕ್ಕಾಗಿ ಹೋರಾಡುತ್ತಿದ್ದೇವೆಂಬುದು ತಿಳಿದಿರಬೇಕೆಂದು ಯುದ್ಧದ ಕಾರಣಗಳನ್ನು ವಿವರಿಸುವ ಪಾಠವೊಂದನ್ನು ಏರ್ಪಡಿಸಲಾಯಿತು. ಅದು ಇತಿಹಾಸದ ಅಧ್ಯಾಪಕರೊಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಅಧ್ಯಾಪಕರೂ ಕೂಡಬೇಕಾಯಿತು. 1918ರ ನವೆಂಬರಿನಲ್ಲಿ ಯುದ್ಧ ಮುಗಿಯಿತು. ಯುದ್ಧಕ್ಕಾಗಿ ಕೂಡಿದವರು ಶಾಂತಿಗಾಗಿ ಏಕೆ ಕೂಡಬಾರದೆಂಬ ವಿಚಾರ ಕೊಲಂಬಿಯಾದ ಅಧ್ಯಾಪಕರಲ್ಲಿ ಮೂಡಿತು. 1919ರ ಜನವರಿಯಲ್ಲಿ ಗೊತ್ತುವಳಿಯಾಗಿ, ಆ ವರ್ಷದ ಶರತ್ಕಾಲದಲ್ಲಿ ‘ಸಮಕಾಲೀನ ನಾಗರಿಕತೆ’ ಎಂಬ ಪಾಠಕ್ರಮ ಮೊದಲ ವರ್ಷದ ವಿದ್ಯಾರ್ಥಿಗಳೆಲ್ಲರಿಗೂ ಕಡ್ಡಾಯವಾಗಿ ಆರಂಭವಾಯಿತು. ಅಂದಿನ ಡೀನ್ ಹರ್ಬರ್ಟ್ ಹಾಕ್ಸ್ ಅವರು ಗಣಿತದ ಪ್ರಾಧ್ಯಾಪಕರು. ಪಾಠಕ್ರಮವನ್ನು ನಡೆಸಿದ ಜಾನ್ ಕಾಸ್ ಅವರು ತತ್ತ್ವಶಾಸ್ತ್ರಜ್ಞರು. ದೊಡ್ಡ ಸಭಾಂಗಣದ ಉಪನ್ಯಾಸಗಳ ಬದಲು ಚಿಕ್ಕ ಚಿಕ್ಕ ತಂಡಗಳಲ್ಲಿ ಚರ್ಚೆ ನಡೆಯಬೇಕೆಂಬುದು ಅಲ್ಲಿಯ ನಿಯಮವಾಯಿತು.

ಅದೇ ವಿದ್ಯಾಪೀಠದಲ್ಲಿ ಜಾನ್ ಅರ್ಸ್ಕಿನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರಿದ್ದರು. ಇವರು ಸಾಹಿತ್ಯದಲ್ಲಿ ಎಷ್ಟು ನಿಷ್ಣಾತರೋ ಪಿಯಾನೋ ವಾದನದಲ್ಲಿಯೂ ಅಷ್ಟೇ ಪರಿಣತರು. ಮುಂದೆ ನ್ಯೂಯಾರ್ಕಿನ ಪ್ರಸಿದ್ಧ ಜೂಲಿಯಾರ್ಡ್ ಸಂಗೀತ ಶಾಲೆಯ ಅಧ್ಯಕ್ಷರೂ ಆದರು. ವಾರಕ್ಕೊಂದರಂತೆ ಮಹಾಗ್ರಂಥಗಳನ್ನು ಅನುವಾದದಲ್ಲಿ ಓದಿಸಿ, ಒಂದು ಸಂಜೆ ಕುಳಿತು ಮಾತನಾಡಿಸಬೇಕೆಂದು ಇವರು ಸೂಚಿಸಿದಾಗ ಸಹೋದ್ಯೋಗಿಗಳು ನಕ್ಕರೆಂದು ಹೇಳಬಹುದು. ಹೋಮರನನ್ನು ಒಂದು ವಾರದಲ್ಲಿ ಮುಗಿಸುವುದೇ? ಗ್ರೀಕ್ ಭಾಷೆಯ ಗಂಧವಿಲ್ಲದವರು ಹೋಮರನನ್ನು ಓದುವುದೇ? ಆ ಗ್ರಂಥಗಳು ಪಂಡಿತರಿಗಾಗಿ ಬರೆದವುಗಳಲ್ಲ, ಸಾಮಾನ್ಯ ಓದುಗರಿಗಾಗಿಯೇ ಹುಟ್ಟಿದವು ಎಂಬುದು ಅರ್ಸ್ಕಿನ್ನರ ಸಮಾಧಾನ. 1920ರಲ್ಲಿ ಅವರ ತರಗತಿ ಆರಂಭವಾಯಿತು. ಪ್ರತಿಯೊಂದು ತಂಡಕ್ಕೂ ಇಬ್ಬರು ಅಧ್ಯಾಪಕರು. ಅವರಿಬ್ಬರೂ ಒಂದೇ ಅಭಿಪ್ರಾಯದವರಾಗಿರಬಾರದೆಂಬುದು ಆ ವ್ಯವಸ್ಥೆಯ ಸ್ವಾರಸ್ಯ. ಗುರುಗಳಿಬ್ಬರು ತಮ್ಮೆದುರಿಗೇ ಭಿನ್ನಾಭಿಪ್ರಾಯವನ್ನು ಸೌಜನ್ಯದಿಂದ ಮಂಡಿಸುವುದನ್ನು ನೋಡಿದ ವಿದ್ಯಾರ್ಥಿಗೆ ಗ್ರಂಥಕ್ಕಿಂತ ಹೆಚ್ಚಿನದೇನೋ ದೊರೆತಿರಬೇಕು.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಿದರೆ ವಾಚಕರು ಮನ್ನಿಸುವರೆಂದು ನಂಬಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದ ಮೊದಲ ವರ್ಷಗಳಲ್ಲಿ, ಬಸವಣ್ಣನವರ ವಚನವೊಂದರ ಪಾಠ ನಡೆದಿರುವಾಗ ಹುಡುಗನೊಬ್ಬ ಎದ್ದು ನಿಂತು, “ಗುರುಗಳೇ, ಕೂಡಲಸಂಗಮದಲ್ಲಿ ಈಗ ಅಣೆಕಟ್ಟಿನ ನೀರು ನಿಂತಿದೆಯಂತಲ್ಲ, ಹೊಳೆಗಳು ಕೂಡುವುದು ಕಾಣಿಸುತ್ತದೆಯೇ?” ಎಂದು ಕೇಳಿದ. “ಅದು ಭೂಗೋಳದ ಮಾತು, ಭೂಗೋಳದ ಮೇಷ್ಟ್ರನ್ನು ಕೇಳು” ಎಂದು ಹೇಳಿ ಕೂರಿಸಿದೆ. ಅಂಕಿತದ ವ್ಯುತ್ಪತ್ತಿಯನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಗಂಟೆ ಬಾರಿಸಿದೊಡನೆ ಹೊರಬಂದೆ. ಕೊಲಂಬಿಯಾದ ಕತೆಯನ್ನು ಓದಿದಾಗಲೆಲ್ಲ ಆ ಹುಡುಗನ ಮುಖ ನನಗೆ ನೆನಪಾಗುತ್ತದೆ.

ಅದಿರಲಿ. 1937ರಲ್ಲಿ ಅರ್ಸ್ಕಿನ್ನರ ಪ್ರಯೋಗವು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾದ ‘ಮಾನವಿಕ’ ಪಾಠಕ್ರಮವಾಗಿ ಪರಿಣಮಿಸಿತು. 1947ರಲ್ಲಿ ಚಿತ್ರ–ಶಿಲ್ಪಗಳದೊಂದು, ಸಂಗೀತದ್ದೊಂದು ಪಾಠಕ್ರಮವೂ ಕಡ್ಡಾಯವಾಗಿ ಸೇರಿದವು. ಕಲೆಯ ಚರಿತ್ರೆಯನ್ನು ಆದಿಯಿಂದ ಅಂತ್ಯದವರೆಗೆ ಉರು ಹೊಡೆಸುವುದನ್ನು ಅವರು ಬಿಟ್ಟರು. ಅಥೆನ್ಸಿನ ಪಾರ್ಥೆನಾನ್, ಫ್ರಾನ್ಸಿನ ಅಮಿಯೆನ್ಸ್ ದೇವಾಲಯ ಮುಂತಾದ ಕೆಲವೇ ಕೃತಿಗಳನ್ನು ಆರಿಸಿಕೊಂಡು ಅವುಗಳನ್ನೇ ದೀರ್ಘವಾಗಿ ನೋಡುವುದು, ಕಂಡದ್ದನ್ನು ಮಾತಿನಲ್ಲಿ ಹೇಳುವುದು, ಬಳಿಕ ಅದನ್ನು ಕಟ್ಟಿಸಿದ ಸಮಾಜವನ್ನು ವಿಚಾರಿಸುವುದು ಅಲ್ಲಿಯ ಕ್ರಮ. ಷಿಕಾಗೋ ವಿದ್ಯಾಪೀಠದಲ್ಲಿಯೂ ಸಾಹಿತ್ಯ, ಚಿತ್ರ, ಸಂಗೀತಗಳನ್ನು ಒಂದೇ ಪಾಠಕ್ರಮದಲ್ಲಿ ಬೋಧಿಸುತ್ತಿದ್ದರು. ಅದಕ್ಕಾಗಿ ಸಿದ್ಧವಾದ ಎರಡು ಕೈಪಿಡಿಗಳು 1957ರಲ್ಲಿ ಅಚ್ಚಾದವು: ಜೋಷುವಾ ಟೇಲರ್ ಅವರದು ‘ನೋಡಲು ಕಲಿಯುವುದು’ ಎಂಬರ್ಥದ ಹೆಸರಿನದು, ಗ್ರೊವ್ನರ್ ಕೂಪರ್ ಅವರದು ‘ಕೇಳಲು ಕಲಿಯುವುದು’ ಎಂಬರ್ಥದ್ದು. ಕಣ್ಣಿಗೂ ಕಿವಿಗೂ ಶಿಕ್ಷಣ ಬೇಕೆಂಬ ಈ ಕಲ್ಪನೆ ನಮ್ಮ ಪದವಿ ತರಗತಿಗಳಲ್ಲಿ ಎಷ್ಟು ವಿರಳವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಲೂರು, ಹಳೇಬೀಡುಗಳು ನಮ್ಮ ವಿದ್ಯಾರ್ಥಿಗಳಿಗೆ ಇಂದಿಗೂ ಬಹುಮಟ್ಟಿಗೆ ಶೈಕ್ಷಣಿಕ ಪ್ರವಾಸದ ಸ್ಥಳಗಳೇ ಹೊರತು ಪಠ್ಯವಲ್ಲ.

ಷಿಕಾಗೋದ ಈ ವ್ಯವಸ್ಥೆಗೆ ಬುನಾದಿ ಬಿದ್ದುದು ರಾಬರ್ಟ್ ಹಚಿನ್ಸರ ಕಾಲದಲ್ಲಿ. ಮೂವತ್ತರ ವಯಸ್ಸಿನಲ್ಲಿ, 1929ರಲ್ಲಿ, ಅವರು ಆ ವಿದ್ಯಾಪೀಠದ ಅಧ್ಯಕ್ಷರಾದರು. ಅರ್ಸ್ಕಿನ್ನರ ಶಿಷ್ಯರಾದ ಮಾರ್ಟಿಮರ್ ಆಡ್ಲರ್ ಅವರನ್ನು ನ್ಯೂಯಾರ್ಕಿನಿಂದ ಕರೆಸಿಕೊಂಡು, ಅಧ್ಯಕ್ಷರೇ ಸ್ವತಃ ಅವರೊಡನೆ ಕುಳಿತು ಮಹಾಗ್ರಂಥಗಳ ತರಗತಿ ನಡೆಸಿದರು. 1931ರ ನೂತನ ಯೋಜನೆಯ ಪ್ರಕಾರ ಭೌತ, ಜೈವಿಕ, ಸಾಮಾಜಿಕ, ಮಾನವಿಕ ಎಂಬ ನಾಲ್ಕು ವಿಭಾಗಗಳಲ್ಲಿ ಸಾಮಾನ್ಯ ಪಾಠಕ್ರಮಗಳು ಏರ್ಪಟ್ಟವು. ತರಗತಿಯ ಹಾಜರಿ ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟದ್ದು. ಪರೀಕ್ಷೆಯನ್ನು ಬೋಧಿಸಿದ ಅಧ್ಯಾಪಕರಲ್ಲದೆ ಬೇರೊಂದು ಮಂಡಲಿ ನಡೆಸುತ್ತಿತ್ತು. ಹೀಗಾಗಿ ಗುರುವೂ ಶಿಷ್ಯನೂ ಒಂದೇ ಪಕ್ಷದಲ್ಲಿ ನಿಂತು ಪರೀಕ್ಷೆಯನ್ನು ಎದುರಿಸಬೇಕಾಯಿತೆಂಬುದು ಮೆಚ್ಚತಕ್ಕ ಅಂಶ. ಹಾಜರಿ ಪುಸ್ತಕದ ಹಿಂದೆ ಮೂವತ್ತು ವರ್ಷ ಓಡಾಡಿದ ನನ್ನಂಥವನಿಗೆ ಇದು ಸ್ವಲ್ಪ ಅಸೂಯೆಯನ್ನೂ ತರುತ್ತದೆ.

ಈ ಪಾಠಕ್ರಮಗಳ ಜೀವಾಳ ಗ್ರಂಥಗಳ ಪಟ್ಟಿಯಲ್ಲಿದೆಯೆಂದು ಅನೇಕರು ತಿಳಿಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕೊಲಂಬಿಯಾದಲ್ಲಿ ಒಂದೇ ಪಾಠಕ್ರಮವನ್ನು ಬೋಧಿಸುವ ಅಧ್ಯಾಪಕರೆಲ್ಲರೂ ವಾರಕ್ಕೊಮ್ಮೆ ಕೂಡಿ, ಆ ವಾರದ ಗ್ರಂಥವನ್ನು ಕುರಿತು ತಾವೇ ವಿದ್ಯಾರ್ಥಿಗಳಾಗಿ ಕೇಳುವ ಪದ್ಧತಿಯಿದೆ. ಪ್ಲೇಟೋವನ್ನು ಬಲ್ಲವರು ಆ ದಿನ ವಿವರಿಸುತ್ತಾರೆ. ಇತಿಹಾಸದವರು, ಸಾಹಿತ್ಯದವರು ಕೇಳಿಕೊಂಡು ತಮ್ಮ ತಮ್ಮ ತರಗತಿಗೆ ಹೋಗುತ್ತಾರೆ. ತನಗೆ ಪೂರ್ತಿ ವಶವಾಗಿರದ ಗ್ರಂಥವನ್ನು ಶಿಷ್ಯರ ಎದುರಿನಲ್ಲಿ ಓದುವ ಧೈರ್ಯ ಅಧ್ಯಾಪಕನಿಗಿರಬೇಕು. ಆ ಧೈರ್ಯ ಕುಂದಿದೊಡನೆ ಪಾಠಕ್ರಮವೂ ಕುಂದುತ್ತದೆ. ‘ಸಮಕಾಲೀನ ನಾಗರಿಕತೆ’ಗೆ 1929ರಲ್ಲಿ ಎರಡನೆಯ ವರ್ಷದ ಭಾಗವೊಂದನ್ನು ಸೇರಿಸಿದ್ದರು. ಸಮಾಜಶಾಸ್ತ್ರಗಳ ವಿದ್ವಾಂಸರು ತಮ್ಮ ತಮ್ಮ ವಿಶೇಷಾಧ್ಯಯನವನ್ನು ಬಿಟ್ಟು ಹೊರಬರಲು ಮನಸ್ಸು ಮಾಡದೆ ಹೋದುದರಿಂದ 1960ರ ದಶಕದಲ್ಲಿ ಅದು ಕಳಚಿಬಿತ್ತು. ಎರಡು ಮೂರು ವಿಷಯಗಳನ್ನು ಒಂದು ವೇಳಾಪಟ್ಟಿಯಲ್ಲಿ ಅಕ್ಕಪಕ್ಕ ಇರಿಸಿ ಅದನ್ನೇ ಅಂತರಶಿಸ್ತೀಯ ಅಧ್ಯಯನವೆಂದು ಕರೆಯುವವರು ಈ ಸಂಗತಿಯನ್ನು ಗಮನಿಸಬೇಕು.

ಪಟ್ಟಿಯ ಪ್ರಶ್ನೆಯೂ ಸಣ್ಣದೇನಲ್ಲ. 1952ರಲ್ಲಿ ಹಚಿನ್ಸ್ ಮತ್ತು ಆಡ್ಲರ್ ಅವರ ಮುಂದಾಳುತನದಲ್ಲಿ ಬ್ರಿಟಾನಿಕಾ ಸಂಸ್ಥೆಯು 54 ಸಂಪುಟಗಳ ಮಹಾಗ್ರಂಥಮಾಲೆಯನ್ನು ಹೊರತಂದಿತು. ಅದರ ಹೆಸರೇ ಹೇಳುವಂತೆ ಅವೆಲ್ಲ ಪಾಶ್ಚಾತ್ಯ ಜಗತ್ತಿನವು. ಉಪನಿಷತ್ತಿಗಾಗಲಿ ಕನ್ಫ್ಯೂಷಿಯಸನಿಗಾಗಲಿ ಅಲ್ಲಿ ಎಡೆಯಿಲ್ಲ. ಕೊಲಂಬಿಯಾದ ಬಟ್ಲರ್ ಗ್ರಂಥಾಲಯದ ಮುಖಭಾಗದಲ್ಲಿ ಹೋಮರ್, ಹೆರೊಡೊಟಸ್, ಸೊಫೋಕ್ಲೀಸ್, ಪ್ಲೇಟೋ ಮೊದಲಾದ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅವುಗಳಲ್ಲಿ ಸ್ತ್ರೀಯರ ಹೆಸರೊಂದೂ ಇರಲಿಲ್ಲವೆಂದು 1989ರಲ್ಲಿ ವಿದ್ಯಾರ್ಥಿನಿಯರು ಸ್ಯಾಫೋ ಮುಂತಾದ ಲೇಖಕಿಯರ ಹೆಸರುಗಳನ್ನು ಬರೆದ ಬಟ್ಟೆಯ ಫಲಕವನ್ನು ಅದೇ ಕಲ್ಲಿನ ಮೇಲ್ಗಡೆ ಇಳಿಬಿಟ್ಟರು. 1937ರಲ್ಲಿ ಆರಂಭವಾದ ಕಡ್ಡಾಯ ಪಟ್ಟಿಗೆ ಮೊದಲ ಲೇಖಕಿಯಾಗಿ ಜೇನ್ ಆಸ್ಟಿನ್ ಸೇರಿದ್ದು 1985ರಲ್ಲಿ, ಅಂದರೆ ನಲವತ್ತೆಂಟು ವರ್ಷಗಳ ಬಳಿಕ. ಹನ್ನೆರಡನೆಯ ಶತಮಾನದ ಅನುಭವಮಂಟಪದಲ್ಲಿ ಅಕ್ಕನಿಗೆ ಆಸನ ದೊರೆತುದನ್ನು ಬಲ್ಲ ವಾಚಕರು ಇಲ್ಲಿ ಮುಗುಳುನಕ್ಕರೆ ತಪ್ಪಿಲ್ಲ. ನಮ್ಮ ಮಠಗಳ ಪಾಠಶಾಲೆಗಳಲ್ಲಿ ಹೆಣ್ಣುಮಕ್ಕಳು ಎಂದಿನಿಂದ ಕುಳಿತರೆಂದು ಲೆಕ್ಕ ಹಾಕಿದರೆ ಆ ನಗೆ ಸ್ವಲ್ಪ ಮಾಸುತ್ತದೆ.

ಪೂರ್ವದೇಶಗಳ ಗ್ರಂಥಗಳಿಗೆ ಬಾಗಿಲು ತೆರೆದುದು ಎರಡನೆಯ ಮಹಾಯುದ್ಧದ ಬಳಿಕ. ಕೊಲಂಬಿಯಾದಲ್ಲಿ 1940ರ ದಶಕದ ಕೊನೆಯಲ್ಲಿ ಏಷ್ಯದ ಮಹಾಗ್ರಂಥಗಳ ಪಾಠಕ್ರಮ ಆರಂಭವಾಯಿತು. ಅದನ್ನು ಬೆಳೆಸಿದ ಡಿ ಬ್ಯಾರಿ ಅವರ ಸಂಪಾದಕತ್ವದಲ್ಲಿ 1958ರಲ್ಲಿ ಭಾರತೀಯ ಪರಂಪರೆಯ ಆಕರಗಳ ಸಂಕಲನ ಹೊರಬಂದಿತು. ಷಿಕಾಗೋದ ಮಾರ್ಗ ಇದಕ್ಕಿಂತ ಭಿನ್ನ. ಅಲ್ಲಿ ಈ ಕೆಲಸ ಕೈಗೊಂಡವರು ಮೆಕ್ಸಿಕೋದ ಹಳ್ಳಿಗಳನ್ನು ಅಧ್ಯಯನ ಮಾಡಿದ್ದ ಮಾನವಶಾಸ್ತ್ರಜ್ಞ ರಾಬರ್ಟ್ ರೆಡ್‌ಫೀಲ್ಡ್ ಮತ್ತು ತರ್ಕಶಾಸ್ತ್ರದಿಂದ ಬಂದ ಮಿಲ್ಟನ್ ಸಿಂಗರ್. ಒಂದು ನಾಗರಿಕತೆಯನ್ನು ಅರಿಯಲು ಪಂಡಿತರ ಗ್ರಂಥಗಳಷ್ಟೇ ಸಾಲವು, ಹಳ್ಳಿಯ ಜನರ ಆಚರಣೆ, ಹಾಡು, ಕತೆಗಳೂ ಬೇಕು; ಇವೆರಡರ ನಡುವಣ ಕೊಡುಕೊಳ್ಳುವಿಕೆಯೇ ನಾಗರಿಕತೆ ಎಂಬುದು ರೆಡ್‌ಫೀಲ್ಡರ ‘ದೊಡ್ಡ ಪರಂಪರೆ, ಸಣ್ಣ ಪರಂಪರೆ’ಗಳ ತತ್ತ್ವ. ಸಿಂಗರ್ ಅವರು ಮದ್ರಾಸಿಗೆ ಬಂದು ಅಲ್ಲಿಯ ಭಜನಗೋಷ್ಠಿಗಳಲ್ಲಿ ಕುಳಿತು ಕೇಳಿದರು. 1956ರಲ್ಲಿ ಷಿಕಾಗೋ ಕಾಲೇಜಿನಲ್ಲಿ ಭಾರತೀಯ ನಾಗರಿಕತೆಯ ಪರಿಚಯವೆಂಬ ಪಾಠಕ್ರಮ ಆರಂಭವಾಯಿತು. ಇಸ್ಲಾಮೀ ನಾಗರಿಕತೆಯ ಪಾಠವನ್ನು ವಹಿಸಿಕೊಂಡ ಮಾರ್ಷಲ್ ಹಾಜ್‌ಸನ್ ಅವರ ಮೂರು ಸಂಪುಟಗಳ ಮಹಾಕೃತಿ, ಅವರ ನಿಧನಾನಂತರ 1974ರಲ್ಲಿ ಪ್ರಕಟವಾದದ್ದು, ಆ ತರಗತಿಯಿಂದಲೇ ಬೆಳೆದು ಬಂದಿತು.

ಇದಕ್ಕೆಲ್ಲ ಹಣ ಎಲ್ಲಿಂದ ಬಂದಿತೆಂಬುದೂ ಚರಿತ್ರೆಯ ಭಾಗವೇ. ರೆಡ್‌ಫೀಲ್ಡರ ಯೋಜನೆಗೆ 1951ರಿಂದ ನೆರವಿತ್ತದ್ದು ಫೋರ್ಡ್ ಪ್ರತಿಷ್ಠಾನ; ಪಾಶ್ಚಾತ್ಯ ಗ್ರಂಥಗಳ ಮಹಾಪ್ರತಿಪಾದಕರಾದ ಹಚಿನ್ಸರು ಅದೇ ವರ್ಷ ಷಿಕಾಗೋವನ್ನು ಬಿಟ್ಟು ಆ ಪ್ರತಿಷ್ಠಾನದ ಅಧಿಕಾರಿಗಳಾಗಿ ಹೋಗಿದ್ದರು. 1957ರಲ್ಲಿ ರಷ್ಯವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಗಾಬರಿಗೊಂಡ ಅಮೆರಿಕ ಸರ್ಕಾರ 1958ರಲ್ಲಿ ದೇಶರಕ್ಷಣೆಯ ಹೆಸರಿನಲ್ಲಿಯೇ ಶಿಕ್ಷಣದ ಕಾಯಿದೆಯೊಂದನ್ನು ಮಾಡಿ ಏಷ್ಯದ ಭಾಷೆಗಳ ಬೋಧನೆಗೂ ಹಣ ಒದಗಿಸಿತು. ನಮ್ಮ ಹಿರಿಯರು ಉಂಡ ಪಿ.ಎಲ್. 480ರ ಗೋಧಿ ನೆನಪಿದೆಯಷ್ಟೆ. ಆ ಗೋಧಿಗಾಗಿ ಭಾರತ ತೆತ್ತ ರೂಪಾಯಿಗಳಲ್ಲಿ ಒಂದಂಶದಿಂದ 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಪತ್ರಿಕೆಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳುಹಿಸಲಾಯಿತು. ಅವುಗಳಲ್ಲಿ ಕನ್ನಡ ಪುಸ್ತಕಗಳೂ ಇದ್ದವು. ಗೋಧಿ ಈ ಕಡೆಗೆ, ಪುಸ್ತಕ ಆ ಕಡೆಗೆ.

ಆ ಹೊತ್ತಿಗೆ ಸರಿಯಾಗಿ ಷಿಕಾಗೋಗೆ ಹೋಗಿ ಸೇರಿದವರು ರಾಮಾನುಜನ್. 1929ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರು ಗಣಿತದ ಪ್ರಾಧ್ಯಾಪಕರ ಮಗ, ಶ್ರೀವೈಷ್ಣವ ಮನೆತನದವರು. ಇಂಗ್ಲಿಷ್ ಸಾಹಿತ್ಯದ ಪದವೀಧರರಾಗಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ ಆ ಭಾಗದ ಜನಪದ ಕತೆಗಳನ್ನು ಸಂಗ್ರಹಿಸಿದರು. ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ಇಂಡಿಯಾನಾದಲ್ಲಿ, 1963ರಲ್ಲಿ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕವಿಗಳು. ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಪ್ರಕಟವಾಯಿತು. ಕವಿ, ಭಾಷಾವಿಜ್ಞಾನಿ, ಜಾನಪದ ವಿದ್ವಾಂಸ ಮೂವರೂ ಒಬ್ಬರಲ್ಲಿಯೇ ಇದ್ದುದರಿಂದ ಷಿಕಾಗೋದ ಆ ವಾತಾವರಣ ಅವರಿಗೆ ಹೇಳಿ ಮಾಡಿಸಿದಂತಾಯಿತು. ವಿಭಾಗಗಳ ಎಲ್ಲೆಯನ್ನು ದಾಟುವುದಕ್ಕೆಂದೇ 1941ರಲ್ಲಿ ಅಲ್ಲಿ ಸ್ಥಾಪಿತವಾದ ಸಾಮಾಜಿಕ ಚಿಂತನ ಸಮಿತಿಯಲ್ಲಿಯೂ ಅವರು ಸದಸ್ಯರಾಗಿದ್ದರು. ‘ಸ್ಪೀಕಿಂಗ್ ಆಫ್ ಶಿವ’ದ ಪ್ರಸ್ತಾವನೆಯನ್ನು ಓದಿದವರಿಗೆ ಆ ತರಗತಿಯ ಗಾಳಿ ಸೋಂಕದೆ ಇರದು. ಬಸವಣ್ಣನವರ ಸ್ಥಾವರ–ಜಂಗಮದ ವಚನದಿಂದ ಮೊದಲಾಗುವ ಆ ಬರಹದಲ್ಲಿ ರೆಡ್‌ಫೀಲ್ಡರ ದೊಡ್ಡ–ಸಣ್ಣ ಪರಂಪರೆಗಳ ವಿಚಾರ ಬರುತ್ತದೆ, ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರರ ಪರಿಭಾಷೆ ಬರುತ್ತದೆ, ವಚನದ ಲಯವನ್ನು ಬಿಡಿಸಿ ತೋರುವ ಭಾಷಾಶಾಸ್ತ್ರ ಬರುತ್ತದೆ, ಯುರೋಪಿನ ಪ್ರೊಟೆಸ್ಟಂಟ್ ಚಳವಳಿಯೊಡನೆ ಹೋಲಿಕೆಯೂ ಬರುತ್ತದೆ. ಕೊನೆಗೆ ಎರಡು ಅನುಬಂಧಗಳಿವೆ: ಒಂದು ಷಟ್‌ಸ್ಥಲವನ್ನು ಕುರಿತದ್ದು, ಇನ್ನೊಂದು ಲಿಂಗಾಯತ ಸಂಸ್ಕೃತಿಯನ್ನು ಕುರಿತು ವಿಲಿಯಂ ಮೆಕಾರ್ಮಕ್ ಎಂಬ ಮಾನವಶಾಸ್ತ್ರಜ್ಞರು ಬರೆದದ್ದು.

ನಾನು ಮೊದಲು ಓದಿದಾಗ ಷಟ್‌ಸ್ಥಲವನ್ನು ಅನುಬಂಧಕ್ಕೆ ತಳ್ಳಿದ್ದು ನನಗೆ ಹಿಡಿಸಲಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರೋಹಣವೇ ವಚನಗಳ ಬೆನ್ನೆಲುಬು, ಅದನ್ನು ಕೊನೆಯಲ್ಲಿಟ್ಟರೆ ಉಳಿಯುವುದೇನು ಎಂದು ಸಿಟ್ಟಾಗಿದ್ದೆ. ಅಂಕಿತಗಳ ವಿಷಯವೂ ಹಾಗೆಯೇ. ಕೂಡಲಸಂಗಮದೇವ ಎಂಬುದನ್ನು ಅವರು ‘ಕೂಡುವ ಹೊಳೆಗಳ ಒಡೆಯ’ ಎಂಬರ್ಥ ಬರುವಂತೆ, ಚೆನ್ನಮಲ್ಲಿಕಾರ್ಜುನ ಎಂಬುದನ್ನು ‘ಮಲ್ಲಿಗೆಯಂತೆ ಬೆಳ್ಳಗಿನ ಒಡೆಯ’ ಎಂಬರ್ಥ ಬರುವಂತೆ ಅನುವಾದಿಸಿದರು. ಅಂಕಿತವೆಂದರೆ ಅರ್ಥವಲ್ಲ, ಹೆಸರು. ಅದರ ಹಿಂದೆ ಒಂದು ಊರಿದೆ, ಒಂದು ಕ್ಷೇತ್ರವಿದೆ, ಒಂದು ದೀಕ್ಷೆಯಿದೆ. ಶ್ರೀಶೈಲದ ನೆನಪಿಲ್ಲದ ಮಲ್ಲಿಕಾರ್ಜುನ ಬರಿಯ ಹೂವಿನ ಬಣ್ಣವಾಗಿ ಉಳಿಯುತ್ತಾನೆ. ಇದು ನನ್ನೊಬ್ಬನ ಆಕ್ಷೇಪವಲ್ಲ. 1992ರಲ್ಲಿ ತೇಜಸ್ವಿನಿ ನಿರಂಜನ ಅವರು ತಮ್ಮ ಗ್ರಂಥದಲ್ಲಿ ಅಲ್ಲಮರ ವಚನವೊಂದರ ಅನುವಾದವನ್ನೇ ಎತ್ತಿಕೊಂಡು, ಅದು ಆಧುನಿಕ ಇಂಗ್ಲಿಷ್ ಓದುಗನ ಅಭಿರುಚಿಗೆ ಒಗ್ಗಿಸಿದ ಅಲ್ಲಮನೆಂದು ಬೇರೆಯ ದಿಕ್ಕಿನಿಂದ ಟೀಕಿಸಿದ್ದಾರೆ. ಪ್ರೊಟೆಸ್ಟಂಟ್ ಹೋಲಿಕೆಯಂತೂ ಲೂಥರನನ್ನು ಅದೇ ತರಗತಿಯಲ್ಲಿ ಓದಿದ ವಿದ್ಯಾರ್ಥಿಗೆ ಮೆಟ್ಟಿಲಾದೀತು. ಕಾಯಕ ದಾಸೋಹಗಳನ್ನು ಬದುಕಿನಲ್ಲಿ ಕಂಡವರಿಗೆ ಅದು ಅರ್ಧ ದೂರವೂ ಒಯ್ಯದು.

ಆದರೂ ವಯಸ್ಸಾದಂತೆ ನನ್ನ ಅಭಿಪ್ರಾಯ ಬದಲಾಯಿತೆಂದು ಒಪ್ಪಿಕೊಳ್ಳಬೇಕು. ನಾನು ಶಾಲೆಯಲ್ಲಿ ಕಲಿಸಿದ ವಚನ ಯಾವುದು? ಪದವಿಭಾಗ, ಅಲಂಕಾರ, ಭಾವಾರ್ಥ, ನಾಲ್ಕಂಕದ ಪ್ರಶ್ನೆ. ಕಲ್ಯಾಣದ ಅರ್ಥವ್ಯವಸ್ಥೆ ಇತಿಹಾಸದ ಮೇಷ್ಟ್ರ ಪಾಲಿಗೆ, ನದಿ ಭೂಗೋಳದವರ ಪಾಲಿಗೆ, ಹಾಡು ವಾರ್ಷಿಕೋತ್ಸವದ ಪಾಲಿಗೆ, ಲಿಂಗಾಂಗ ಸಾಮರಸ್ಯ ಮಠದ ಪಾಲಿಗೆ. ದಂಡಾಧಿಪತಿ, ಅಂಬಿಗ, ಮಡಿವಾಳ, ಕದಿರೆಯ ಕಾಯಕದವಳು ಒಂದೆಡೆ ಕುಳಿತು ಆಡಿದ ಮಾತನ್ನು ನಾಲ್ಕಾಗಿ ಸೀಳಿ ಹಂಚಿದವನು ನಾನು. ಅವರ ಭಾಷೆಯನ್ನೇ ಅರಿಯದ ದೂರದ ವಿದ್ಯಾರ್ಥಿಗೆ ವಚನವು ಕಾವ್ಯವೂ ಸಮಾಜವೂ ಸಾಧನೆಯೂ ಆಗಿ ಒಟ್ಟಿಗೇ ದೊರೆಯಿತು, ಅಂಕಿತದ ಊರು ಮಾತ್ರ ಕೈಬಿಟ್ಟಿತು. ನನ್ನ ವಿದ್ಯಾರ್ಥಿಗೆ ಊರು ಗೊತ್ತಿತ್ತು. ಉಳಿದುದನ್ನು ನಾನೇ ಮುಚ್ಚಿಟ್ಟೆ.

ಷಿಕಾಗೋದಲ್ಲಿ ಕಡ್ಡಾಯ ಪಾಠಗಳ ಪ್ರಮಾಣವನ್ನು 1990ರ ದಶಕದ ಕೊನೆಯಲ್ಲಿ ಇಳಿಸಿದಾಗ ದೊಡ್ಡ ವಿವಾದವೇ ಎದ್ದಿತು. ನಾಗರಿಕತೆಯ ಪಾಠಕ್ರಮಗಳು, ದಕ್ಷಿಣ ಏಷ್ಯದ್ದೂ ಸೇರಿ, ಅಲ್ಲಿ ಮುಂದುವರಿದಿವೆ. ಕೊಲಂಬಿಯಾದ ಪಾಠಗಳು ನೂರು ವರ್ಷ ದಾಟಿದರೂ ಕಡ್ಡಾಯವಾಗಿಯೇ ಇವೆ. ರಾಮಾನುಜನ್ ಅವರು 1993ರಲ್ಲಿ ಷಿಕಾಗೋದಲ್ಲಿಯೇ ತೀರಿಕೊಂಡರು.

ನಿವೃತ್ತನಾದ ಮೇಲೆ ರವಿವಾರ ರವಿವಾರ ನಾಲ್ಕೈದು ಮಂದಿ ಕಾಲೇಜು ವಿದ್ಯಾರ್ಥಿಗಳು ನಮ್ಮ ಮನೆಗೆ ವಚನ ಓದಲು ಬರುತ್ತಾರೆ. ಒಬ್ಬಳು ವಾಣಿಜ್ಯದವಳು, ಒಬ್ಬ ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವವನು. ಕಳೆದ ಚಳಿಗಾಲದಲ್ಲಿ ಮೂಲವನ್ನೂ ರಾಮಾನುಜನ್ನರ ಅನುವಾದವನ್ನೂ ಎದುರುಬದುರಿಟ್ಟು ಓದುತ್ತಿರುವಾಗ ಕೂಡುವ ಹೊಳೆಗಳ ಮಾತು ಬಂದಿತು. ಇಂಜಿನಿಯರಿಂಗಿನ ಹುಡುಗ ಕಾಗದ ತೆಗೆದು ಕೃಷ್ಣೆ ಎಲ್ಲಿಂದ ಬರುತ್ತಾಳೆ, ಮಲಪ್ರಭೆ ಎಲ್ಲಿ ಸೇರುತ್ತಾಳೆ, ನಾರಾಯಣಪುರದ ಜಲಾಶಯದ ಹಿನ್ನೀರು ಎಲ್ಲಿಯವರೆಗೆ ನಿಲ್ಲುತ್ತದೆ, ಐಕ್ಯಮಂಟಪದ ಸುತ್ತ ನೀರು ನುಗ್ಗದಂತೆ ಬಾವಿಯ ಹಾಗೆ ಗೋಡೆ ಏಕೆ ಎಬ್ಬಿಸಿದರು ಎಂಬುದನ್ನೆಲ್ಲ ಬರೆದು ತೋರಿಸಿದ. ಆ ಬೆಳಗು ವಚನ ಒಂದೇ ಆಯಿತು.